ಪಾಕೀಟಿಗೂ ಮುಂಚಿನ ದಾರಿ

ಕಿತ್ತೂರಿನಿಂದ ಧಾರವಾಡಕ್ಕೆ ಸುಮಾರು ಮೂವತ್ತು ಕಿಲೋಮೀಟರ್. ಕುದುರೆ ಸವಾರನಿಗೆ ಅದು ಒಂದು ಹಗಲಿನ ಹಾದಿಯೂ ಅಲ್ಲ. ಆದರೂ 1824ರಲ್ಲಿ ಕಿತ್ತೂರಿನ ಒಡೆಯ ಶಿವಲಿಂಗರುದ್ರ ದೇಸಾಯಿ ದತ್ತಕ ತೆಗೆದುಕೊಂಡದ್ದನ್ನು ತಿಳಿಸುವ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಮುಟ್ಟಿದ್ದು ದೇಸಾಯಿ ತೀರಿಕೊಂಡ ಹೊತ್ತಿಗೆ. ಪತ್ರದ ತಾರೀಖು ಹಳೆಯದು, ಬಂದದ್ದು ತಡವಾಗಿ. ಮೇಲಿನ ಸಹಿ ದೇಸಾಯಿಯದೇ ಎಂದು ಥ್ಯಾಕರೆ ಒಪ್ಪಲಿಲ್ಲ. ಕಿತ್ತೂರನ್ನು ನುಂಗುವ ಮನಸ್ಸು ಈಸ್ಟ್ ಇಂಡಿಯಾ ಕಂಪನಿಗೆ ಇದ್ದೇ ಇತ್ತು, ಪತ್ರ ಬರೀ ನೆವವಾಯಿತು ಎನ್ನಬಹುದು. ಆ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೆ ನೆವ ಹುಡುಕುವವನಿಗೆ ಕಾಗದದಲ್ಲಿ ಸಿಕ್ಕಿದ್ದು ಎರಡು ಸಂದುಗಳು: ತಡ ಮತ್ತು ಸಹಿ. ಇಂದು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಿಂದ ಹೊರದೇಶಕ್ಕೆ ಹೊರಟ ದಾಖಲೆಗಳು ತಿರುಗಿ ಬರುವುದೂ ಬಹುಮಟ್ಟಿಗೆ ಇವೇ ಎರಡು ಕಾರಣಗಳಿಗೆ. ಎರಡರಲ್ಲಿ ಸಹಿಯ ತೊಡಕೇ ದೊಡ್ಡದು. ತಡವೂ ಅನೇಕ ಸಲ ಅದರಿಂದಲೇ ಹುಟ್ಟುತ್ತದೆ.

ಯಾವ ಕೊರಿಯರ್ ಬೇಗ ಮುಟ್ಟಿಸುತ್ತದೆ ಎಂದು ಜನ ಮೊದಲು ಕೇಳುತ್ತಾರೆ. ವಿಮಾನದಲ್ಲಿ ಕಾಗದ ಕಳೆಯುವುದು ಒಂದೆರಡು ದಿನ ಮಾತ್ರ. ದಿನಗಳು ಸವೆಯುವುದು ಬೆಂಗಳೂರಿನಲ್ಲಿ, ವಿಶ್ವವಿದ್ಯಾಲಯದ ಕಚೇರಿಯಲ್ಲಿ, ವಿದೇಶಾಂಗ ಸಚಿವಾಲಯದ ಮೊಹರಿಗಾಗಿ ಕಾಯುವುದರಲ್ಲಿ. ಪದವಿ ಪ್ರಮಾಣಪತ್ರವಾದರೆ ಮೊದಲು ರಾಜ್ಯದ ಶಿಕ್ಷಣ ಇಲಾಖೆ ದೃಢೀಕರಿಸಬೇಕು. ಜನನ, ವಿವಾಹದ ಪ್ರಮಾಣಪತ್ರ, ವಟಮುಖತ್ಯಾರಪತ್ರಗಳಾದರೆ ಗೃಹ ಇಲಾಖೆ. ಆಮೇಲೆ ಸಚಿವಾಲಯದ ಅಪೊಸ್ಟಿಲ್. 1961ರ ಹೇಗ್ ಒಪ್ಪಂದದಿಂದ ಬಂದ ಈ ಮೊಹರು ಭಾರತದಲ್ಲಿ ಜಾರಿಗೆ ಬಂದದ್ದು 2005ರ ಜುಲೈ 14ರಂದು. ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಸಾಮಾನ್ಯವಾಗಿ ಇದೊಂದಿದ್ದರೆ ರಾಯಭಾರ ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲ. ಸೌದಿ ಅರೇಬಿಯಾ 2022ರಲ್ಲಿ, ಕೆನಡಾ 2024ರ ಜನವರಿಯಲ್ಲಿ ಈ ಸಾಲಿಗೆ ಬಂದವು. ದುಬೈ, ಕುವೈತ್, ಕತಾರ್‌ಗಳಿಗೆ ಹೋಗುವ ಕಾಗದಕ್ಕೆ ಮಾತ್ರ ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆಯೇ ಬೇಕು. ಇದನ್ನು ಕೇಳದೆ ಪಾಕೀಟು ಕಳಿಸಿದವರು ಕೊರಿಯರಿಗೆ ಎರಡು ಸಲ ಹಣ ಕೊಡುತ್ತಾರೆ. ಸಚಿವಾಲಯದ ಅಪೊಸ್ಟಿಲ್ ಶುಲ್ಕ ಒಂದು ದಾಖಲೆಗೆ 50 ರೂಪಾಯಿ, ಅಧಿಕೃತ ಏಜೆನ್ಸಿಯ ಸೇವಾಶುಲ್ಕ ಬೇರೆ. ಊರಿನ ದಲ್ಲಾಳಿ ಹೇಳುವ ಸಾವಿರಗಳ ಮೊತ್ತ ಕೇಳಿದಾಗ ಈ ಐವತ್ತನ್ನು ನೆನಪಿಟ್ಟುಕೊಂಡರೆ ಚೌಕಾಸಿಗೆ ಅನುಕೂಲ. ಇನ್ನೊಂದು ಸಣ್ಣ ಸಂಗತಿ: ಮೊಹರು, ಸ್ಟಿಕರುಗಳು ಕಾಗದದ ಮೇಲೇ ಕೂರಬೇಕು. ಕಾಳಜಿಯಿಂದ ಲ್ಯಾಮಿನೇಷನ್ ಮಾಡಿಸಿಟ್ಟ ಅಂಕಪಟ್ಟಿ ಇಲ್ಲಿ ತೊಂದರೆಗೆ ಬರುತ್ತದೆ.

ನಮ್ಮ ಭಾಗಕ್ಕೇ ವಿಶೇಷವಾದ ತೊಡಕು ಹೆಸರಿನದು. ಮುಂಬೈ ಪ್ರಾಂತದ ರೂಢಿಯಂತೆ ಇಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆಯುತ್ತಾರೆ. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು ಬಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಕೊನೆಗೆ, ಪದವಿ ಪತ್ರದಲ್ಲಿ ತಂದೆಯ ಹೆಸರೇ ಬಿಟ್ಟುಹೋಗಿರುತ್ತದೆ. ಊರ ಹೆಸರುಗಳೂ ಹಾಗೆಯೇ. ಸವದತ್ತಿ ಇಂಗ್ಲಿಷ್ ಕಾಗದಗಳಲ್ಲಿ ಸೌಂದತ್ತಿಯಾಗುತ್ತದೆ. ಬೆಳಗಾವಿ 2014ರ ನವೆಂಬರ್ 1ರವರೆಗೆ ಬೆಳಗಾಂ. ಬೈಲಹೊಂಗಲ ತಾಲೂಕಿಗೆ ಹಿಂದೆ ಸಂಪಗಾಂವ ಎಂಬ ಹೆಸರಿತ್ತು. ಕಿತ್ತೂರು ತಾಲೂಕಾದದ್ದು ಈಚೆಗೆ, ಅಲ್ಲಿಯವರ ಹಳೆಯ ಪ್ರಮಾಣಪತ್ರಗಳಲ್ಲಿ ತಾಲೂಕು ಬೈಲಹೊಂಗಲವೇ. ಟೊರಾಂಟೊದಲ್ಲಿ ಕೂತ ಗುಮಾಸ್ತನಿಗೆ ಇವೆಲ್ಲ ಒಂದೇ ಎಂದು ಗೊತ್ತಾಗುವ ದಾರಿಯಿಲ್ಲ. ಅವನಿಗೆ ಕಾಣುವುದು ಹೊಂದಾಣಿಕೆಯಾಗದ ಎರಡು ಕಾಗದ. ಹೊರಡುವ ಮೊದಲೇ ಈ ಹೆಸರುಗಳೆಲ್ಲ ಒಂದೇ ಎಂದು ನೋಟರಿಯ ಮುಂದೆ ಒಂದು ಅಫಿಡವಿಟ್ ಮಾಡಿಸಿ ಜೊತೆಗಿಟ್ಟರೆ ಉಳಿಯುವ ದಿನಗಳನ್ನು ಯಾವ ದುಬಾರಿ ಕೊರಿಯರೂ ಉಳಿಸಿಕೊಡಲಾರದು. ಪದವಿ ಕೊಟ್ಟವರು ಯಾರು ಎಂಬುದೂ ಗೊಂದಲಕ್ಕೆ ಎಡೆ ಕೊಡುತ್ತದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿದ್ದು 2010ರಲ್ಲಿ. ಅದಕ್ಕೂ ಮುಂಚೆ ಬೈಲಹೊಂಗಲದಲ್ಲಿ ಬಿಎ ಮುಗಿಸಿದವರ ಟ್ರಾನ್ಸ್‌ಕ್ರಿಪ್ಟ್ ಬರಬೇಕಾದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ. ಕೆನಡಾ, ಅಮೆರಿಕಗಳಲ್ಲಿ ಪದವಿಯ ಮೌಲ್ಯ ಅಳೆಯುವ ಹಲವು ಸಂಸ್ಥೆಗಳು ಅದನ್ನು ಅಭ್ಯರ್ಥಿಯ ಕೈಯಿಂದ ಪಡೆಯುವುದೂ ಇಲ್ಲ, ವಿಶ್ವವಿದ್ಯಾಲಯವೇ ನೇರವಾಗಿ ಕಳಿಸಬೇಕು. ಅಂಥಲ್ಲಿ ಮನೆಯಿಂದ ಕಳಿಸಿದ ಪಾಕೀಟು ಎಷ್ಟೇ ಬೇಗ ಮುಟ್ಟಿದರೂ ದಂಡ.

ಕಾಗದ ಸರಿಯಾದ ಮೇಲೆ ಉಳಿಯುವುದು ಸಾಗಣೆ. ಇಲ್ಲಿ ನನ್ನ ಒಲವು ಅಂಚೆಯ ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್ ಕಡೆಗೆ. ಝೆರಾಕ್ಸ್ ಅಂಗಡಿಯ ಒಂದು ಎ4 ಹಾಳೆಯ ತೂಕ ಸುಮಾರು 5 ಗ್ರಾಂ. ಸ್ಪೀಡ್ ಪೋಸ್ಟಿನ ಮೊದಲ ದರ 250 ಗ್ರಾಂವರೆಗೆ ಅನ್ವಯಿಸುತ್ತದೆ. ಅಂದರೆ ನಲವತ್ತು ಹಾಳೆ, ಒಂದು ಗಟ್ಟಿ ರಟ್ಟು, ಲಕೋಟೆ ಎಲ್ಲ ಅದರೊಳಗೇ ಹಿಡಿಸುತ್ತವೆ. ಖಾಸಗಿ ಕಂಪನಿಗಳು ಸಾಮಾನ್ಯವಾಗಿ ಅರ್ಧ ಕಿಲೋ ಲೆಕ್ಕದಲ್ಲಿ ಹಿಡಿಯುತ್ತವೆ, ದರವೂ ಮೇಲಿರುತ್ತದೆ. ಕೌಂಟರಿನಲ್ಲಿ ಕೊಡುವ ರಸೀದಿಯ ಸಂಖ್ಯೆಯನ್ನು ಗಮನಿಸಿ: ಇ ಅಕ್ಷರದಿಂದ ಶುರುವಾಗುವ ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಭಾರತದ ಐಎನ್. ಒಟ್ಟು ಹದಿಮೂರು. ಒಂಬತ್ತನೆಯ ಅಂಕಿ ಹಿಂದಿನ ಎಂಟನ್ನು ಗುಣಿಸಿ ಕೂಡಿ ತೆಗೆದದ್ದು, ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದರೂ ಬಹುಮಟ್ಟಿಗೆ ಲೆಕ್ಕ ತಾಳೆಯಾಗುವುದಿಲ್ಲ. 1874ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿ, ಭಾರತ 1876ರಲ್ಲಿ ಸೇರಿದ ವಿಶ್ವ ಅಂಚೆ ಒಕ್ಕೂಟದ ಕ್ರಮ ಇದು. ಹೀಗಾಗಿ ಅದೇ ಸಂಖ್ಯೆಯನ್ನು ಅಮೆರಿಕದ ಅಂಚೆಯ ವೆಬ್‌ಸೈಟಿನಲ್ಲಿ ಹಾಕಿದರೂ ಪಾಕೀಟು ಎಲ್ಲಿದೆ ಎಂದು ತೋರಿಸುತ್ತದೆ.

ಖಾಸಗಿಯವರು ಮೂರ್ನಾಲ್ಕು ದಿನದಲ್ಲಿ ಮುಟ್ಟಿಸುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಮುಟ್ಟಿಸುತ್ತಾರೆ, ದೊಡ್ಡ ನಗರದಿಂದ. ರಾಮದುರ್ಗದ ಅಂಗಡಿಯವನು ಇಸಿದುಕೊಂಡ ಪಾಕೀಟು ಮೊದಲು ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕು. ಆತ ಕೊಟ್ಟ ಚೀಟಿಯಲ್ಲಿರುವುದು ದೊಡ್ಡ ಕಂಪನಿಯ ಸಂಖ್ಯೆಯೋ ಅವನದೇ ಸಂಖ್ಯೆಯೋ ಕೇಳಿ ನೋಡಬೇಕು. ವಿಳಾಸದಲ್ಲೂ ಒಂದು ಭೇದವಿದೆ. ಪೋಸ್ಟ್ ಬಾಕ್ಸಿಗೆ ಖಾಸಗಿಯವರು ಹಾಕಲಾರರು, ಅಂಚೆಯವರು ಹಾಕುತ್ತಾರೆ. ಅಮೆರಿಕದ ವಲಸೆ ಇಲಾಖೆ ಅರ್ಜಿ ತೆಗೆದುಕೊಳ್ಳುವ ಕೇಂದ್ರಗಳಿಗೆ ಅಂಚೆಗೊಂದು, ಕೊರಿಯರಿಗೊಂದು ವಿಳಾಸ ಕೊಡುವುದು ಇದೇ ಕಾರಣಕ್ಕೆ. ಸ್ಪೀಡ್ ಪೋಸ್ಟಿಗೆ ಬರೆಯಬೇಕಾದದ್ದು ಮೊದಲನೆಯದು. ಕೊಲ್ಲಿ ದೇಶಗಳಿಗಾದರೆ ಪಡೆಯುವವರ ಫೋನ್ ನಂಬರು ವಿಳಾಸದಷ್ಟೇ ಮುಖ್ಯ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. 2025ರ ಆಗಸ್ಟ್ ಕೊನೆಯಲ್ಲಿ, ಅಮೆರಿಕ ಸುಂಕದ ನಿಯಮ ಬದಲಿಸಿದಾಗ, ನಮ್ಮ ಅಂಚೆ ಇಲಾಖೆ ಆ ದೇಶಕ್ಕೆ ಟಪಾಲು ಕಳಿಸುವುದನ್ನೇ ನಿಲ್ಲಿಸಿತು. ಮೊದಲು ವಿನಾಯಿತಿ ಪಡೆದಿದ್ದ ಕಾಗದಪತ್ರಗಳೂ ಕೆಲವೇ ದಿನಗಳಲ್ಲಿ ನಿಂತವು. ಸೇವೆ ಮರಳಿ ಶುರುವಾದದ್ದು ಅಕ್ಟೋಬರ್ 15ಕ್ಕೆ. ಇಂಥ ಹೊತ್ತಿನಲ್ಲಿ ಖಾಸಗಿಯವರಿಗೆ ಹೆಚ್ಚು ಹಣ ಕೊಡುವುದೇ ಜಾಣತನ, ಗಡುವು ನಾಲ್ಕೈದು ದಿನವಿದ್ದಾಗಲೂ ಹಾಗೆಯೇ. ಯಾವುದರಲ್ಲಿ ಕಳಿಸಿದರೂ, ಅಂಟಿಸುವ ಮೊದಲು ಪ್ರತಿ ಹಾಳೆಯ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ ಪಡೆಯುವವರಿಗೆ ಇಮೇಲ್ ಮಾಡಬೇಕು. ಹಿಂಬದಿ ಖಾಲಿಯೆಂದು ಬಿಡುವವರೇ ಹೆಚ್ಚು. ಅಪೊಸ್ಟಿಲ್ ಸ್ಟಿಕರ್ ಸಾಮಾನ್ಯವಾಗಿ ಇರುವುದು ಅಲ್ಲೇ, ಅದರ ಮೇಲಿನ ಸಂಖ್ಯೆಯನ್ನು ಆನ್‌ಲೈನ್‌ನಲ್ಲಿ ತಾಳೆ ನೋಡಬಹುದು. ಪಾಕೀಟು ಇನ್ನೂ ಮುಂಬೈಯಲ್ಲಿ ವಿಮಾನಕ್ಕೆ ಕಾಯುತ್ತಿರುವಾಗಲೇ ಅಲ್ಲಿಯ ಗುಮಾಸ್ತ ಸಹಿ ಖರೆಯೆಂದು ನೋಡಿ ಮುಗಿಸಿರುತ್ತಾನೆ.