ಮನೆಯೇ ಮಹಾಮನೆ: ಕುಟುಂಬದ ಸ್ವರೂಪ, ಧರ್ಮಾಚರಣೆ ಮತ್ತು ಸಮಾಜದ ಸ್ವಾಸ್ಥ್ಯ



ಶ್ರೀಮಠದ ದರ್ಶನಕ್ಕೆ ಬರುವ ಹಿರಿಯರು ಇತ್ತೀಚಿನ ವರ್ಷಗಳಲ್ಲಿ ಮಳೆ-ಬೆಳೆಯ ಮಾತಿಗಿಂತ ಮನೆಯ ಮಾತನ್ನೇ ಹೆಚ್ಚಾಗಿ ಆಡುತ್ತಾರೆ. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ ಅಥವಾ ಪರದೇಶದಲ್ಲಿ. ಊರಿನ ದೊಡ್ಡ ಮನೆಯಲ್ಲಿ ಉಳಿದವರು ಇಬ್ಬರೇ ವೃದ್ಧರು. ಅವರ ಮಾತು ಬಹುಪಾಲು ಒಂದೇ ನಿರ್ಣಯಕ್ಕೆ ಬಂದು ನಿಲ್ಲುತ್ತದೆ: ಅವಿಭಕ್ತ ಕುಟುಂಬ ಒಡೆಯಿತು, ಪೂಜೆ ತಪ್ಪಿತು, ಆದುದರಿಂದ ಸಮಾಜ ಕೆಟ್ಟಿತು. ಈ ನೋವು ನಿಜವಾದುದು. ಆದರೆ ಈ ನಿರ್ಣಯ ಪೂರ್ಣವಾಗಿ ಸರಿಯೇ ಎಂಬುದನ್ನು ನಾವು ವಿಚಾರಿಸಬೇಕಾಗಿದೆ. ರೋಗದ ಕಾರಣವನ್ನು ತಪ್ಪಾಗಿ ತಿಳಿದರೆ ಔಷಧವೂ ತಪ್ಪಾಗುತ್ತದೆ. ಕುಟುಂಬದ ಸ್ವರೂಪಕ್ಕೂ ಧರ್ಮಾಚರಣೆಗೂ ಸಮಾಜದ ಸ್ವಾಸ್ಥ್ಯಕ್ಕೂ ಇರುವ ಸಂಬಂಧವನ್ನು ಈ ಲೇಖನದಲ್ಲಿ ವಿವೇಚಿಸೋಣ.

ಸಂಸಾರವನ್ನು ಸಾಧನೆಯ ನೆಲೆಯಾಗಿಸಿದ ಶರಣರು

ಸಂಸಾರವನ್ನು ಬಿಟ್ಟವನಿಗೆ ಮಾತ್ರ ಮೋಕ್ಷವೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ, ಮನೆಯಲ್ಲಿಯೇ ಇದ್ದು, ಕಾಯಕ ಮಾಡುತ್ತಲೇ ಶಿವಪಥದಲ್ಲಿ ನಡೆಯಬಹುದೆಂದು ಬಾಳಿ ತೋರಿದವರು ನಮ್ಮ ಶರಣರು. ಜೇಡರ ದಾಸಿಮಯ್ಯ ಮತ್ತು ದುಗ್ಗಳೆ ಮಗ್ಗದ ಮನೆಯಲ್ಲಿ ಸಾಧಕರಾದರು. ಮೋಳಿಗೆ ಮಾರಯ್ಯ ಮತ್ತು ಮಹಾದೇವಿ ಸೌದೆ ಮಾರಿ ಜಂಗಮ ದಾಸೋಹ ನಡೆಸಿದರು. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮನೆಗೆ ‘ಮಹಾಮನೆ’ ಎಂಬ ಹೆಸರು ಬಂದುದು ಅದರ ಗಾತ್ರದಿಂದಲ್ಲ, ಅಲ್ಲಿ ನಡೆಯುತ್ತಿದ್ದ ದಾಸೋಹದಿಂದ. ಅದರ ಹಿಂದೆ ಗಂಗಾಂಬಿಕೆ ಮತ್ತು ನೀಲಾಂಬಿಕೆಯರ ದುಡಿಮೆ ಇತ್ತೆಂಬುದನ್ನು ಮರೆಯಲಾಗದು.

ಇವರ ಪೈಕಿ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವು ಪ್ರಸ್ತುತ ವಿಷಯಕ್ಕೆ ಅತ್ಯಂತ ಸಮೀಪವಾದುದು. ಪತಿ ಮಾರಯ್ಯನವರ ಕಾಯಕ, ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹಕ್ಕೆ ಸಲ್ಲಿಸುವುದು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯಕ್ಕೆ ಮೀರಿದ್ದು ತಮ್ಮದಲ್ಲವೆಂದು ಲಕ್ಕಮ್ಮನವರು ಅದನ್ನು ಹಿಂದಿರುಗಿಸಲು ಹೇಳಿದರೆಂದು ಪರಂಪರೆ ತಿಳಿಸುತ್ತದೆ. ಈ ಪ್ರಸಂಗದಲ್ಲಿ ನಾವು ಸಾಮಾನ್ಯವಾಗಿ ನಿರಾಸೆಯನ್ನು ಮಾತ್ರ ಕಾಣುತ್ತೇವೆ. ಗಮನಿಸಬೇಕಾದ ಇನ್ನೊಂದು ಅಂಶವಿದೆ. ಆ ಮನೆಯಲ್ಲಿ ಹೆಂಡತಿಯ ಮಾತಿಗೆ ಧರ್ಮದ ಅಧಿಕಾರವಿತ್ತು. ಗಂಡ ಅದನ್ನು ಕೇಳಿ ನಡೆದನು. ಆ ಮನೆಯ ಶುದ್ಧತೆಯ ಪ್ರಯೋಜನ ದಾಸೋಹದ ಮೂಲಕ ಊರಿಗೆ ದೊರೆಯಿತು. ಮನೆಯೊಳಗಿನ ಸಮಾನತೆ ಮತ್ತು ಮನೆಯಿಂದ ಹೊರಗೆ ಹರಿಯುವ ದಾಸೋಹ, ಇವೆರಡೇ ಶರಣರು ಕುಟುಂಬದಿಂದ ಬಯಸಿದುದು. ಒಂದೇ ಸೂರಿನಡಿ ಎಷ್ಟು ಜನ ಇರಬೇಕೆಂಬುದನ್ನು ಅವರು ಧರ್ಮದ ಲಕ್ಷಣವಾಗಿ ಎಲ್ಲಿಯೂ ವಿಧಿಸಲಿಲ್ಲ.

ಅವಿಭಕ್ತ ಕುಟುಂಬ: ನೆನಪು ಮತ್ತು ವಾಸ್ತವ

ಹಿಂದಿನ ಕಾಲದಲ್ಲಿ ಎಲ್ಲರೂ ದೊಡ್ಡ ಕುಟುಂಬಗಳಲ್ಲಿ ಬಾಳುತ್ತಿದ್ದರೆಂಬುದು ನಮ್ಮ ಸಾಮಾನ್ಯ ಭಾವನೆ. ಆದರೆ ಎ. ಎಂ. ಷಾ ಅವರಂತಹ ಸಮಾಜಶಾಸ್ತ್ರಜ್ಞರು, ದೊಡ್ಡ ಕುಟುಂಬವು ಹಿಂದೆಯೂ ಸಾರ್ವತ್ರಿಕವಾಗಿರಲಿಲ್ಲವೆಂದು ತೋರಿಸಿದ್ದಾರೆ. ಭೂಮಿ-ಕಾಣಿ ಇದ್ದ ಮನೆತನಗಳಲ್ಲಿ ಅದು ಹೆಚ್ಚಾಗಿಯೂ, ಕೂಲಿ ಮಾಡಿ ಬದುಕುವವರಲ್ಲಿ ಕಡಿಮೆಯಾಗಿಯೂ ಇತ್ತು. ಜೊತೆಗೆ, ಸ್ವಾತಂತ್ರ್ಯ ಬಂದ ವೇಳೆಗೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷಗಳಷ್ಟಿತ್ತು. ಅನೇಕ ಮಕ್ಕಳು ಎಳವೆಯಲ್ಲಿಯೇ ತೀರಿಕೊಳ್ಳುತ್ತಿದ್ದುದು ಇದಕ್ಕೆ ಮುಖ್ಯ ಕಾರಣ. ಪ್ಲೇಗು, 1918ರ ಇನ್‌ಫ್ಲುಯೆಂಜಾ, ಹೆರಿಗೆಯ ತೊಂದರೆಗಳು ಪ್ರಾಯದವರನ್ನೂ ಒಯ್ಯುತ್ತಿದ್ದವು. ಅಜ್ಜ, ಮಗ, ಮೊಮ್ಮಗ ಮೂವರೂ ದೀರ್ಘಕಾಲ ಕೂಡಿ ಬಾಳಿದ ಮನೆಗಳು ನಾವು ಊಹಿಸುವಷ್ಟು ಇರಲಿಲ್ಲ.

ಇಂದು ಸರಾಸರಿ ಆಯುಷ್ಯ ಸುಮಾರು 70 ವರ್ಷಗಳಿಗೆ ಏರಿದೆ. 2011ರ ಜನಗಣತಿಯಲ್ಲಿಯೇ ದೇಶದಲ್ಲಿ 60 ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಇನ್ನೊಂದೆಡೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಅಂದರೆ ಒಬ್ಬ ಮಗ, ಒಬ್ಬ ಸೊಸೆ ಸೇರಿ ನಾಲ್ವರು ಹಿರಿಯರನ್ನು ನೋಡಿಕೊಳ್ಳಬೇಕಾದ ಸ್ಥಿತಿ ಅನೇಕ ಮನೆಗಳಲ್ಲಿದೆ. ವೃದ್ಧಾಪ್ಯವು ಇಷ್ಟು ದೀರ್ಘವಾದುದು, ಆಸರೆಯ ಕೈಗಳು ಇಷ್ಟು ಕಡಿಮೆಯಾದುದು ಇತಿಹಾಸದಲ್ಲಿ ಹೊಸದು. ಆದುದರಿಂದ ಇದನ್ನು ಮಕ್ಕಳ ಕೃತಘ್ನತೆಯೆಂದು ಮಾತ್ರ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಅವಿಭಕ್ತ ಕುಟುಂಬದ ಉಪಕಾರಗಳನ್ನು ನಾವು ಅಲ್ಲಗಳೆಯುವುದಿಲ್ಲ. ಬರಗಾಲದಲ್ಲಿ, ಕಾಯಿಲೆಯಲ್ಲಿ, ಅಕಾಲ ಮರಣದಲ್ಲಿ ಅದು ಅನೇಕರನ್ನು ಕಾಪಾಡಿದೆ. ತಬ್ಬಲಿ ಮಗು ದೊಡ್ಡಪ್ಪನ ಪಂಕ್ತಿಯಲ್ಲಿ ಕುಳಿತು ಉಂಡು ಬೆಳೆದಿದೆ. ಆದರೆ ಅದೇ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುತ್ತಿದ್ದ ಸೊಸೆಯೂ, ಶುಭಕಾರ್ಯಗಳಲ್ಲಿ ಹಿಂದೆ ನಿಲ್ಲಬೇಕಾಗಿದ್ದ ವಿಧವೆಯೂ ಇದ್ದರು. ಮನೆಯ ಹಿರಿಮೆಯನ್ನು ಅಳೆಯುವಾಗ ಆ ಮನೆಯ ಅತ್ಯಂತ ಕಿರಿಯ ಸೊಸೆಯನ್ನೂ ಒಂದು ಮಾತು ಕೇಳಬೇಕಾಗುತ್ತದೆ.

ಆಚರಣೆಯಿಂದ ಸ್ವಾಸ್ಥ್ಯ ಹೇಗೆ?

ಧರ್ಮಾಚರಣೆಯು ಸಮಾಜದ ಆರೋಗ್ಯಕ್ಕೆ ಕಾರಣವಾಗುವುದೇ ಎಂಬ ಪ್ರಶ್ನೆಯನ್ನು ಆಧುನಿಕ ವಿದ್ವಾಂಸರೂ ಕೇಳಿದ್ದಾರೆ. ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ 1897ರಲ್ಲಿ ಪ್ರಕಟಿಸಿದ ಆತ್ಮಹತ್ಯೆಯನ್ನು ಕುರಿತ ಗ್ರಂಥದಲ್ಲಿ, ಯುರೋಪಿನ ಬೇರೆ ಬೇರೆ ಮತಗಳ ಹಾಗೂ ವಿವಾಹಿತ, ಅವಿವಾಹಿತರ ಅಂಕಿಅಂಶಗಳನ್ನು ಹೋಲಿಸಿದರು. ಒಡನಾಟ ಗಾಢವಾಗಿದ್ದ ಧಾರ್ಮಿಕ ಸಮುದಾಯಗಳಲ್ಲಿ, ಮಕ್ಕಳಿರುವ ಕುಟುಂಬಗಳಲ್ಲಿ ಆತ್ಮಹತ್ಯೆ ಕಡಿಮೆಯಿರುವುದನ್ನು ಅವರು ಕಂಡರು. ಇದಕ್ಕೆ ಯಾವುದೇ ಮತದ ಸಿದ್ಧಾಂತವಾಗಲಿ, ಅದರ ನಿಷೇಧಗಳಾಗಲಿ ಮುಖ್ಯ ಕಾರಣವಲ್ಲ. ಜನರನ್ನು ಒಬ್ಬರಿಗೊಬ್ಬರು ಬೆಸೆಯುವ ಸಾಮೂಹಿಕ ಬಾಳುವೆಯೇ ಕಾರಣವೆಂದು ಅವರು ವಿವರಿಸಿದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಲ್ಲಿ ಆರಂಭಿಸಿ ಎಂಟು ದಶಕಗಳಿಗೂ ಮಿಕ್ಕಿ ನಡೆಸಿಕೊಂಡು ಬಂದಿರುವ ಅಧ್ಯಯನವೂ, ಆಪ್ತ ಸಂಬಂಧಗಳುಳ್ಳವರು ವೃದ್ಧಾಪ್ಯದಲ್ಲಿ ಹೆಚ್ಚು ಆರೋಗ್ಯವಂತರಾಗಿ, ಸಂತೃಪ್ತರಾಗಿ ಇರುತ್ತಾರೆಂದು ತಿಳಿಸುತ್ತದೆ.

ನಮ್ಮ ಆಚರಣೆಗಳನ್ನು ಈ ಬೆಳಕಿನಲ್ಲಿ ನೋಡಿದರೆ ಅವುಗಳ ಅರ್ಥ ಇನ್ನೂ ಸ್ಪಷ್ಟವಾಗುತ್ತದೆ. ಇಷ್ಟಲಿಂಗ ಪೂಜೆಯು ಪ್ರತಿಯೊಬ್ಬರೂ ತಾವೇ ಮಾಡಿಕೊಳ್ಳುವಂತಹುದು. ತಂದೆ ಮಾಡಿದರೆ ಮಗನಿಗಾಗಲಿಲ್ಲ, ಗಂಡ ಮಾಡಿದರೆ ಹೆಂಡತಿಗಾಗಲಿಲ್ಲ. ಅತ್ತೆಯ ಅಂಗೈಯಲ್ಲಿರುವ ಲಿಂಗವೂ ಸೊಸೆಯ ಅಂಗೈಯಲ್ಲಿರುವ ಲಿಂಗವೂ ಸಮಾನ. ದಿನಕ್ಕೊಮ್ಮೆ ಮನೆಯವರೆಲ್ಲರೂ ವಿಭೂತಿ ಧರಿಸಿ ಒಂದೆಡೆ ಕುಳಿತಾಗ, ಆ ಅರ್ಧ ಗಂಟೆಯ ಮಟ್ಟಿಗಾದರೂ ಮನೆಯಲ್ಲಿ ಮೇಲು-ಕೀಳಿಲ್ಲ. ಪೂಜೆಯ ನಂತರದ ಪ್ರಸಾದವನ್ನು ಒಂದೇ ಪಂಕ್ತಿಯಲ್ಲಿ ಸ್ವೀಕರಿಸಿದರೆ ಆ ಸಮಾನತೆ ಅಡುಗೆಮನೆಯವರೆಗೂ ಬರುತ್ತದೆ.

ಆಚರಣೆಯೇ ಭಾರವಾಗುವ ಬಗೆ

ಆದರೆ ಎಲ್ಲ ಆಚರಣೆಯೂ ಒಳಿತನ್ನೇ ಮಾಡುವುದಿಲ್ಲವೆಂಬುದನ್ನು ಹೇಳಿದವರೂ ಶರಣರೇ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಅವರು ನಿರಾಕರಿಸಿದರು. ಮುಟ್ಟಾದ ಹೆಣ್ಣುಮಗಳನ್ನು ಹೊರಗಿಡುವ, ಬಾಣಂತಿಯನ್ನು ಅಸ್ಪೃಶ್ಯಳಂತೆ ಕಾಣುವ ಪದ್ಧತಿಗೆ ಲಿಂಗವಂತರ ಮನೆಯಲ್ಲಿ ಸ್ಥಾನವಿಲ್ಲ. ಹರಳಯ್ಯ ಮತ್ತು ಮಧುವರಸರ ಕುಟುಂಬಗಳು ಜಾತಿಯ ಗೋಡೆಯನ್ನು ದಾಟಿ ಬೀಗತನ ಬೆಳೆಸಿದ್ದಕ್ಕೆ ಪ್ರಾಣವನ್ನೇ ತೆತ್ತವು. ವಿಧವೆಯರ ಮರುವಿವಾಹಕ್ಕೆ ನಮ್ಮ ಸಮಾಜದಲ್ಲಿ ‘ಉಡಿಕೆ’ಯೆಂಬ ರೂಢಿ ಉಳಿದುಬಂದಿದೆ.

ಇಂತಹ ಪರಂಪರೆಯ ವಾರಸುದಾರರಾದ ನಮ್ಮ ಮನೆಗಳಲ್ಲಿಯೇ ಇಂದು ಮುಟ್ಟಿನ ಮೈಲಿಗೆ ಉಳಿದಿದ್ದರೆ, ಮದುವೆಯ ಮಾತುಕತೆಯಲ್ಲಿ ಒಳಪಂಗಡದ ಲೆಕ್ಕ ಮೊದಲು ಬರುತ್ತಿದ್ದರೆ, ಅದನ್ನು ಧರ್ಮವೆಂದು ಕರೆಯಲಾಗದು. ವರದಕ್ಷಿಣೆಯನ್ನು ಕಾನೂನು 1961ರಲ್ಲಿಯೇ ನಿಷೇಧಿಸಿತು. ಆದರೂ ಹೊಲ ಮಾರಿ, ಸಾಲ ಮಾಡಿ ವೈಭವದ ಲಗ್ನ ನಡೆಸುವುದು ನಿಂತಿಲ್ಲ. ಎರಡು ದಿನಗಳ ಆಡಂಬರಕ್ಕಾಗಿ ಹತ್ತು ವರ್ಷ ಬಡ್ಡಿ ಕಟ್ಟುವ ಮನೆಯಲ್ಲಿ ಶಾಂತಿ ಎಲ್ಲಿಂದ ಬರಬೇಕು? ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳನ್ನು ಬಡವರ ಮದುವೆಯೆಂದು ನೋಡುವ ದೃಷ್ಟಿ ಬದಲಾಗಬೇಕು. ಉಳ್ಳವರೂ ಅಲ್ಲಿಯೇ ಮಕ್ಕಳ ಕಲ್ಯಾಣ ಮಾಡಿದರೆ ಇಲ್ಲದವರ ಮರ್ಯಾದೆ ಉಳಿಯುತ್ತದೆ.

ಮನೆಯ ಹಿಡಿ ಅಕ್ಕಿ, ನಾಡಿನ ಮಕ್ಕಳ ಅನ್ನ

ಮನೆಯ ಆಚರಣೆಯು ಸಮಾಜಕ್ಕೆ ತಲುಪುವ ದಾರಿಯೆಂದರೆ ದಾಸೋಹ. ತುಮಕೂರಿನ ಶ್ರೀ ಸಿದ್ಧಗಂಗಾ ಮಠವು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹಕ್ಕೆ ಹೆಸರಾದುದು. ಪರಮಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರ (1907–2019) ಕಾಲದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಜಾತಿಮತಗಳ ಎಣಿಕೆಯಿಲ್ಲದೆ ಉಚಿತವಾಗಿ ಉಂಡು ಓದುವಂತಾಯಿತು. ಸುಗ್ಗಿಯಲ್ಲಿ ರೈತ ಕುಟುಂಬಗಳು ಪ್ರೀತಿಯಿಂದ ಅರ್ಪಿಸುವ ಅಕ್ಕಿ, ರಾಗಿ, ಬೇಳೆಗಳೂ ಆ ಪ್ರಸಾದದಲ್ಲಿ ಸೇರಿವೆ. ಮನೆಯ ಕಣಜದಿಂದ ತೆಗೆದಿಟ್ಟ ಒಂದು ಪಾಲು, ಎಲ್ಲಿಯೋ ಹುಟ್ಟಿದ ಬಡ ಬಾಲಕನೊಬ್ಬನ ವಿದ್ಯೆಯಾಗಿ ಪರಿಣಮಿಸಿತು. ಲಕ್ಕಮ್ಮನವರ ಅಕ್ಕಿಯ ದಾರಿ ಇದೇ ಅಲ್ಲವೇ?

ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ನಿದರ್ಶನ ಇನ್ನೂ ಹೃದಯಸ್ಪರ್ಶಿಯಾದುದು. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಕರೆತಂದು ಸಂಗೀತ ಶಿಕ್ಷಣ ಕೊಡಿಸಿದರು. ಗವಾಯಿಗಳು ಅಂಧ ಮಕ್ಕಳನ್ನು ಹುಡುಕಿ ತಂದು ಸಾಕಿದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು (1914–2010) ಆ ಸಂಸಾರವನ್ನು ಮುನ್ನಡೆಸಿದರು. ಹೆತ್ತವರು ಸಾಕಲಾರದ ಮಕ್ಕಳಿಗೆ ಅದು ಮನೆಯಾಯಿತು. ರಕ್ತಸಂಬಂಧದ ಕುಟುಂಬ ಕೈಚೆಲ್ಲಿದಲ್ಲಿ ಭಕ್ತಿಸಂಬಂಧದ ಕುಟುಂಬ ಕೈಹಿಡಿಯಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಡ.

ನಾವು ಮಾಡಬೇಕಾದುದೇನು?

ಒಡೆದ ಮನೆಗಳನ್ನೆಲ್ಲ ಮತ್ತೆ ಒಂದೇ ಸೂರಿನಡಿ ತರುವುದು ಸಾಧ್ಯವಿಲ್ಲ. ಉದ್ಯೋಗ ಇರುವಲ್ಲಿಗೆ ಮಕ್ಕಳು ಹೋಗಲೇಬೇಕು. ಆದರೆ ದೂರವಿದ್ದೂ ಒಂದು ಕುಟುಂಬವಾಗಿರಲು ಮಾರ್ಗಗಳಿವೆ.

ಮೊದಲನೆಯದಾಗಿ, ದಿನದ ಒಂದು ಹೊತ್ತನ್ನು ಪೂಜೆಗೂ ಸಹಪಂಕ್ತಿಗೂ ಮೀಸಲಿಡಬೇಕು. ಗಂಡ, ಹೆಂಡತಿ, ಒಂದು ಮಗು ಇರುವ ನಗರದ ಪುಟ್ಟ ಮನೆಗೂ ಇದು ಸಾಧ್ಯ. ಆ ಹೊತ್ತಿಗೆ ಊರಿನ ತಂದೆ-ತಾಯಿಗಳಿಗೆ ಮೊಬೈಲ್ ಮೂಲಕ ಕರೆ ಮಾಡಿ, ಎಲ್ಲರೂ ಕೂಡಿ ಪ್ರಾರ್ಥನೆ ಮಾಡಬಹುದು. ಹೇಗಿದ್ದೀರಿ ಎಂಬ ಅವಸರದ ಪ್ರಶ್ನೆಗಿಂತ ಇದು ಹಿರಿಯರಿಗೆ ಹೆಚ್ಚು ನೆಮ್ಮದಿ ನೀಡುತ್ತದೆ.

ಎರಡನೆಯದಾಗಿ, ಹಿರಿಯರ ಆರೈಕೆಯನ್ನು ಸೊಸೆಯೊಬ್ಬಳ ಹೆಗಲಿಗೆ ಹೊರಿಸಬಾರದು. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ; ಹಕ್ಕು ಸಮಾನವಾದ ಮೇಲೆ ಹೊಣೆಯೂ ಸಮಾನ. ಮಗನೂ ತಂದೆಯ ಹಾಸಿಗೆ ಬದಲಿಸಲು, ತಾಯಿಗೆ ಗಂಜಿ ಕಾಯಿಸಲು ಕಲಿಯಬೇಕು. ಅದೂ ಕಾಯಕವೇ.

ಮೂರನೆಯದಾಗಿ, ಹಿರಿಯರು ತಮ್ಮ ಹಕ್ಕುಗಳನ್ನು ತಿಳಿದಿರಬೇಕು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯ ಪ್ರಕಾರ, ಮಕ್ಕಳು ಕೈಬಿಟ್ಟಾಗ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯ ಮೊರೆಹೋಗಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಆ ಷರತ್ತು ತಪ್ಪಿದಲ್ಲಿ ರದ್ದುಪಡಿಸಲು ಅದರ 23ನೆಯ ಕಲಂನಲ್ಲಿ ಅವಕಾಶವಿದೆ. ಆದುದರಿಂದ ದಾನಪತ್ರದಲ್ಲಿ ಆ ಷರತ್ತನ್ನು ಸ್ಪಷ್ಟವಾಗಿ ಬರೆಯಿಸುವುದು ಲೇಸು. ಸಹಾಯಕ್ಕೆ 14567 ಎಂಬ ಹಿರಿಯರ ಸಹಾಯವಾಣಿಯೂ ಇದೆ. ಕಾನೂನು ಕೊನೆಯ ಆಸರೆ; ಅಲ್ಲಿಯವರೆಗೆ ಹೋಗದಂತೆ ನೋಡಿಕೊಳ್ಳುವುದು ಬಂಧುಗಳ ಮತ್ತು ಮಠಗಳ ಕರ್ತವ್ಯ.

ಕೊನೆಯದಾಗಿ, ಪ್ರತಿಯೊಂದು ಭಕ್ತ ಕುಟುಂಬವೂ ತನ್ನ ಓಣಿಯಲ್ಲಿ ಒಂಟಿಯಾಗಿರುವ ಒಬ್ಬ ಹಿರಿಯರನ್ನು ತನ್ನ ಮನೆಯವರೆಂದು ಎಣಿಸಬೇಕು. ವಾರಕ್ಕೊಮ್ಮೆ ಅವರ ಬಾಗಿಲಿಗೆ ಹೋಗಿ ಕುಳಿತು ಮಾತನಾಡುವುದು, ಔಷಧ ತಂದುಕೊಡುವುದು, ಹಬ್ಬದ ದಿನ ಪ್ರಸಾದಕ್ಕೆ ಕರೆಯುವುದು, ಇವು ಹಣ ಬೇಡದ ದಾಸೋಹಗಳು. ಶ್ರಾವಣ ಮಾಸದ ಪ್ರವಚನಕ್ಕೆ ಬರುವ ಸದ್ಭಕ್ತರು ಅವರನ್ನೂ ಕೈಹಿಡಿದು ಕರೆತಂದರೆ ಶ್ರೀಮಠಕ್ಕೆ ಅದಕ್ಕಿಂತ ದೊಡ್ಡ ಕಾಣಿಕೆಯಿಲ್ಲ.

ಕುಟುಂಬ ದೊಡ್ಡದಿರಲಿ, ಚಿಕ್ಕದಿರಲಿ, ಅದರೊಳಗೆ ಸಮಾನತೆಯಿದ್ದು ಅದರಿಂದ ಹೊರಗೆ ದಾಸೋಹ ಹರಿಯುತ್ತಿದ್ದರೆ ಅದು ಮಹಾಮನೆಯೇ. ಅಂತಹ ಮನೆಗಳು ಹೆಚ್ಚಿದಷ್ಟೂ ಸಮಾಜದ ಸ್ವಾಸ್ಥ್ಯ ಹೆಚ್ಚುತ್ತದೆ. ಶ್ರೀಗುರು ಬಸವಾದಿ ಶರಣರ ಕೃಪೆ ಸಕಲರ ಮನೆ-ಮನಗಳ ಮೇಲಿರಲೆಂದು ಪ್ರಾರ್ಥಿಸುತ್ತೇವೆ.