ಠ ಬರೆದು ನೋಡಿ ಕೊಂಡ ಹಲಗೆ

ನಮ್ಮ ಮಾಣಿ ಗೊತ್ತುಂಟಲ್ಲ? ಮಂಗಳೂರಿನಿಂದ ಬೆಂಗಳೂರು ದಾರಿಯಲ್ಲಿ ಬಂದರೆ ಬಿ.ಸಿ. ರೋಡು, ಕಲ್ಲಡ್ಕ ದಾಟಿದ ಮೇಲೆ ಸಿಗುವ ಜಂಕ್ಷನ್. ನೇರ ಹೋದರೆ ಉಪ್ಪಿನಂಗಡಿ, ಬಲಕ್ಕೆ ತಿರುಗಿದರೆ ಪುತ್ತೂರು, ಮಡಿಕೇರಿ, ಮೈಸೂರು. ಈ ಜಂಕ್ಷನಿನ ಸುತ್ತಮುತ್ತ ಮೂವತ್ತು ವರ್ಷ ಬೋರ್ಡು ಬರೆದವನು ನಾನು. ಅಂಗಡಿಗಳ ತಗಡಿನ ಬೋರ್ಡು, ಬಸ್ಸಿನ ಹಣೆಯ ಮೇಲಿನ ಊರ ಹೆಸರು, ಯಕ್ಷಗಾನ ಮೇಳದ ಬಟ್ಟೆಯ ಬ್ಯಾನರು, ಎಲ್ಲವೂ. ಆಮೇಲೆ ಫ್ಲೆಕ್ಸ್ ಬಂತು. ನಾನು ಇಡೀ ದಿನ ಕೂತು ಬರೆಯುತ್ತಿದ್ದ ಬೋರ್ಡನ್ನು ಯಂತ್ರ ನೋಡನೋಡುತ್ತಿದ್ದಂತೆ ಹೊರಗೆ ತಳ್ಳಿತು. ಬ್ರಷ್ಷುಗಳನ್ನು ಡಬ್ಬಿಗೆ ಹಾಕಿ ಅಟ್ಟಕ್ಕೇರಿಸಿದೆ. ಕಂಪ್ಯೂಟರಿನ ಮೇಲೆ ನನಗೆ ಸಿಟ್ಟು ಹುಟ್ಟಿದ್ದು ಹಾಗೆ.

ಕಳೆದ ವರ್ಷ, ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ಮೊಮ್ಮಗಳು ಬಂದು ಹತ್ತಿರ ಕೂತಳು. "ಅಜ್ಜ, ನನಗೊಂದು ಡ್ರಾಯಿಂಗ್ ಟ್ಯಾಬ್ಲೆಟ್ ಬೇಕು. ಪರದೆ ಇರುವಂಥದ್ದು."

"ಎಂತದದು?"

"ಪರದೆಯ ಮೇಲೆಯೇ ಪೆನ್ನಿನಲ್ಲಿ ಚಿತ್ರ ಬಿಡಿಸುವುದು. ಇಪ್ಪತ್ತು ಸಾವಿರದ ಆಸುಪಾಸು ಆಗ್ತದೆ."

ನಾನು ಮಾತಾಡಲಿಲ್ಲ. ಒಳಗಿನಿಂದ ಅವಳ ಅಜ್ಜಿ, "ನನ್ನ ಬೀಡಿ ಹಣ ಉಂಟು. ಆದರೆ ತಂದ ಮೇಲೆ ಮೂಲೆಗೆ ಬಿದ್ದರೆ ಮಾತ್ರ ಜಾಗ್ರತೆ" ಎಂದಳು. ಬಂಟ್ವಾಳದ ಕಡೆಯವರಿಗೆ ಆ ಹಣದ ತೂಕ ಹೇಳಬೇಕಾಗಿಲ್ಲ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ಬೆನ್ನು ಬಗ್ಗಿಸಿ, ವರ್ಷಗಟ್ಟಲೆ ಕೂಡಿಟ್ಟದ್ದು. ಹಾಗಾಗಿ ಆರಿಸುವ ಕೆಲಸಕ್ಕೆ ನಾನೂ ಕೈ ಹಾಕಿದೆ. ಯಂತ್ರ ಗೊತ್ತಿಲ್ಲದಿದ್ದರೂ ಗೆರೆ ನನಗೆ ಗೊತ್ತುಂಟಲ್ಲ!

ಮೊದಲು ತಿಳಿದುಕೊಂಡದ್ದು, ಚಿತ್ರ ಬರೆಯುವ ಹಲಗೆಗಳಲ್ಲಿ ಮೂರು ಜಾತಿ ಎಂದು. ಒಂದು ಬರೀ ಕಪ್ಪು ಹಲಗೆ. ಅದರ ಮೇಲೆ ಪೆನ್ನು ಓಡಿಸಿದರೆ ಗೆರೆ ಮೂಡುವುದು ಎದುರಿನ ಕಂಪ್ಯೂಟರಿನಲ್ಲಿ. ಎರಡನೆಯದು ಮೊಮ್ಮಗಳು ಕೇಳಿದ್ದು: ಪೆನ್ನು ತಾಗಿದಲ್ಲಿಯೇ ಗೆರೆ ಮೂಡುವ ಪರದೆ. ಇದರಲ್ಲಿ ತುಂಬ ಜನ ಎಡವುವುದು ಒಂದು ಕಡೆ. ಆ ಪರದೆ ತಾನೇ ಕಂಪ್ಯೂಟರಲ್ಲ. ಅದಕ್ಕೆ ಲ್ಯಾಪ್‌ಟಾಪಿನಿಂದ ವಯರು ಬೇಕು, ಕರೆಂಟು ಬೇಕು. ವಯರು ಕಿತ್ತರೆ ಅದು ದುಬಾರಿ ಬೆಲೆಯ ಊಟದ ತಟ್ಟೆ. ಮೂರನೆಯದು ಐಪ್ಯಾಡಿನಂಥದ್ದು. ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಬಸ್ಸಿನಲ್ಲೂ ಬರೆಯಬಹುದು, ಆದರೆ ಪೆನ್ನೂ ಸೇರಿದರೆ ಬೆಲೆ ಮೇಲೆ ಹೋಗುತ್ತದೆ. ಮನೆಯಲ್ಲಿ ಕಂಪ್ಯೂಟರೇ ಇಲ್ಲದವರು ಎರಡನೆಯದಕ್ಕೆ ಆಸೆಪಡುವ ಮೊದಲು ಈ ಲೆಕ್ಕ ಹಾಕಬೇಕು. ನಮ್ಮಲ್ಲಿ ಅವಳ ಅಪ್ಪನ ಹಳೆಯ ಲ್ಯಾಪ್‌ಟಾಪ್ ಇತ್ತು. ಅದರ ಬದಿಯಲ್ಲಿ ಟಿವಿಯ ವಯರು ಹಾಕುವ ಎಚ್‌ಡಿಎಂಐ ತೂತು ಇದೆಯೇ ಎಂದು ಟಾರ್ಚು ಹಿಡಿದು ನೋಡಿದೆವು. ಇತ್ತು.

ಆದರೂ ನೇರ ಅಂಗಡಿಗೆ ಹೋಗಲಿಲ್ಲ. ಸಂಬಂಧಿಕರ ಹುಡುಗನೊಬ್ಬನ ಕಪ್ಪು ಹಲಗೆಯನ್ನು ಬೇಸಿಗೆ ರಜೆಯ ಎರಡು ತಿಂಗಳಿಗೆ ಕೇಳಿ ತಂದೆವು. ಹೊಸದಾದರೂ ಸಣ್ಣ ಗಾತ್ರದ್ದು ನಾಲ್ಕೈದು ಸಾವಿರದೊಳಗೆ ಸಿಗುತ್ತದಂತೆ. ಮೊದಲ ವಾರ ಅವಳಿಗೆ ಅಳು ಬಂತು. ಕೈ ಒಂದು ಕಡೆ, ಕಣ್ಣು ಒಂದು ಕಡೆ. "ಚೆಂಡೆಯವರು ಚೆಂಡೆ ನೋಡಿಕೊಂಡು ಬಾರಿಸ್ತಾರಾ? ಅವರ ಕಣ್ಣು ವೇಷದ ಮೇಲೆ ಇರ್ತದಲ್ಲ" ಎಂದೆ. ಮೂರನೆಯ ವಾರಕ್ಕೆ ಕೈ ಪಳಗಿತು. ಬಣ್ಣ ತುಂಬುವುದು, ಪದರದ ಮೇಲೆ ಪದರ ಇಟ್ಟು ಬರೆಯುವುದು, ಎಲ್ಲ ಬಂತು. ಕ್ರಿತಾ ಎಂಬ ತಂತ್ರಾಂಶಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ ಎಂಬುದು ಅವಳ ಅಜ್ಜಿಗೆ ಬಹಳ ಹಿಡಿಸಿತು. ಆದರೆ ಅವಳು ಬರೆಯುವುದು ಯಕ್ಷಗಾನದ ಮುಖವರ್ಣಿಕೆ. ಕಣ್ಣಿನ ಸುತ್ತ ಕೂದಲೆಳೆಯಂಥ ಗೆರೆ ಬೇಕು. ಆ ಕೆಲಸಕ್ಕೆ ಕಣ್ಣೂ ಕೈಯೂ ಒಂದೇ ಕಡೆ ಇದ್ದರೆ ಒಳ್ಳೆಯದೆಂದು ನನಗೇ ಕಂಡಿತು. ರಜೆ ಮುಗಿದರೂ ಅವಳು ಬಿಡಲಿಲ್ಲ, ಹಳೆಯ ನೋಟ್‌ಬುಕ್ಕಿನ ಹಿಂದೆ ಬರೆಯುತ್ತಲೇ ಇದ್ದಳು. ಆಗ ಹಣ ತೆಗೆಯಲು ಒಪ್ಪಿದೆ.

ಇಲ್ಲೊಂದು ವಿಷಯ ಹೇಳಬೇಕು. ಪರದೆಯ ಮೇಲೆ ಬರೆಯುವುದು ಈಚಿನ ಸಂಗತಿ ಎಂದುಕೊಂಡಿದ್ದೆ. ಅಲ್ಲ! 1963ರಲ್ಲೇ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲೆಂಡ್ ಎಂಬವರು ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶ ಮಾಡಿ, ಬೆಳಕಿನ ಪೆನ್ನಿನಿಂದ ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಎಳೆದಿದ್ದರು. ಆಗ ನಾನು ಸ್ಲೇಟಿನಲ್ಲಿ ಬಳಪ ಹಿಡಿದು ಅಕ್ಷರ ತಿದ್ದುತ್ತಿದ್ದೆ. ಈಗಿನ ಪೆನ್ನಿಗೆ ಎಷ್ಟೋ ಕಡೆ ಬ್ಯಾಟರಿಯೂ ಇಲ್ಲ. ಹಲಗೆಯೊಳಗಿನ ತಂತಿಜಾಲ ವಿದ್ಯುತ್ಕಾಂತೀಯ ಅಲೆ ಕಳಿಸುತ್ತದೆ, ಪೆನ್ನಿನೊಳಗಿನ ಸುರುಳಿ ಅದರಿಂದಲೇ ಶಕ್ತಿ ಪಡೆದು ಉತ್ತರ ಕೊಡುತ್ತದೆ. ಪೆನ್ನು ಎಲ್ಲಿದೆ, ಎಷ್ಟು ಒತ್ತುತ್ತಿದೆ ಎಂದು ಹಲಗೆಗೆ ತಿಳಿಯುವುದು ಹಾಗೆ. 1983ರಲ್ಲಿ ಶುರುವಾದ ಜಪಾನಿನ ವಾಕಮ್ ಕಂಪೆನಿ ಇಂಥ ಪೆನ್ನಿಗೆ ಹೆಸರಾದದ್ದು. ಈಗ ಹುಯಿಯಾನ್, ಎಕ್ಸ್‌ಪಿ-ಪೆನ್ ಮುಂತಾದವೂ ಮಾಡುತ್ತವೆ.

ಸರಿ, ಮಂಗಳೂರಿಗೆ ಹೋದೆವು. ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡೇ ಹೋದದ್ದು.

ಅಂಗಡಿಯ ಹುಡುಗ ಮೊದಲು ಹೇಳಿದ್ದು ಸಂಖ್ಯೆ. ಇದಕ್ಕೆ 8192 ಹಂತದ ಒತ್ತಡ, ಅದಕ್ಕೆ 16384. (ಎರಡನ್ನು ಎರಡರಿಂದ ಗುಣಿಸುತ್ತಾ ಹೋಗಿ ಮಕ್ಕಳೇ, ಎರಡೂ ಸಿಗುತ್ತವೆ.) ಮೊಮ್ಮಗಳ ಕಣ್ಣು ದೊಡ್ಡ ಸಂಖ್ಯೆಯ ಮೇಲೆ ಹೋಯಿತು. ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ನಾಲ್ಕಾರು ಗೆರೆಯಲ್ಲಿ ನರ್ತಕಿಯನ್ನು ನಿಲ್ಲಿಸಿಬಿಡುತ್ತಿದ್ದರು, ಅವರ ಕೈಯಲ್ಲಿ ಎಷ್ಟು ಹಂತ ಇತ್ತೋ! ಮನುಷ್ಯರ ಬೆರಳಿಗೆ ಎಂಟು ಸಾವಿರಕ್ಕೂ ಹದಿನಾರು ಸಾವಿರಕ್ಕೂ ವ್ಯತ್ಯಾಸ ಗೊತ್ತಾಗುವುದು ನನಗಂತೂ ನಂಬಿಕೆಯಿಲ್ಲ. ಹೊಸ ಬ್ರಷ್ ಕೊಳ್ಳುವಾಗ ಕೂದಲು ಎಣಿಸುತ್ತೇವೆಯೇ? ಬರೆದು ನೋಡುತ್ತೇವೆ.

"ನೀನು ಒಂದು ಠ ಬರಿ ಮಗಾ, ನಿಧಾನಕ್ಕೆ" ಎಂದೆ.

ಬೋರ್ಡು ಬರೆಯಲು ಕಲಿಯುವಾಗ ನನ್ನ ಗುರುಗಳು ಮೊದಲು ಬರೆಸಿದ ಅಕ್ಷರ ಅದು. ಸುತ್ತಲೂ ಒಂದು ವೃತ್ತ, ನಡುವೆ ಒಂದು ಚುಕ್ಕೆ. ಬೇಗ ಬರೆದರೆ ಯಾವ ಬ್ರಷ್ಷಿನ ದೋಷವೂ ಕಾಣುವುದಿಲ್ಲ, ನಿಧಾನಕ್ಕೆ ಬರೆದರೆ ಮುಚ್ಚಿಡಲು ಆಗುವುದಿಲ್ಲ. ಆಮೇಲೆ ಸ್ಕೇಲು ಇಟ್ಟು ಓರೆಯಾಗಿ ಒಂದು ಗೆರೆ, ಅದೂ ನಿಧಾನಕ್ಕೆ. ಒಂದು ಪರದೆಯಲ್ಲಿ ಸ್ಕೇಲು ಹಿಡಿದರೂ ಗೆರೆ ಹಾವಿನ ಹಾಗೆ ಅಲೆಯಲೆಯಾಗಿ ಬಂತು. ಇನ್ನೊಂದರಲ್ಲಿ ನೇರ ಬಂತು. ಅಲೆ ಬಂದದ್ದು ಬೆಲೆಯಲ್ಲಿ ಹೆಚ್ಚಿನದು ಎಂಬುದು ತಮಾಷೆ.

ನಾಲ್ಕು ಮೂಲೆಗಳಲ್ಲೂ ಚುಕ್ಕೆ ಇಡಿಸಿದೆ. ಮಧ್ಯದಲ್ಲಿ ಸರಿಯಿದ್ದು ಮೂಲೆಯಲ್ಲಿ ಪೆನ್ನು ಒಂದು ಕಡೆ, ಚುಕ್ಕೆ ಒಂದು ಕಡೆ ಆಗುವುದುಂಟು. ಇದರ ಜೊತೆಗೆ ಗಾಜಿನ ದಪ್ಪವನ್ನೂ ನೋಡಬೇಕು. ಅಂಗಡಿಯ ಗಾಜಿನ ಬಾಗಿಲಿಗೆ ಬರೆದವರಿಗೆ ಇದು ಗೊತ್ತು: ಹಿಂದೆ ಅಂಟಿಸಿದ ನಕ್ಷೆ ನೋಡಿ ಮುಂದೆ ಬರೆಯುವಾಗ, ಗಾಜು ದಪ್ಪವಾದಷ್ಟೂ ಬ್ರಷ್ಷಿನ ತುದಿ ಮತ್ತು ನಕ್ಷೆಯ ನಡುವೆ ಅಂತರ ಬಿದ್ದು ಕಣ್ಣು ಮೋಸ ಹೋಗುತ್ತದೆ. ಇಲ್ಲಿಯೂ ಅದೇ. ಗಾಜನ್ನೂ ಪರದೆಯನ್ನೂ ನಡುವೆ ಗಾಳಿ ಬಿಡದೆ ಒಂದಕ್ಕೊಂದು ಅಂಟಿಸಿರುವುದಕ್ಕೆ ಲ್ಯಾಮಿನೇಟೆಡ್ ಎನ್ನುತ್ತಾರೆ. ಸಂಖ್ಯೆಗಳನ್ನೆಲ್ಲ ಮರೆತರೂ ಈ ಒಂದು ಶಬ್ದ ನೆನಪಿಟ್ಟು ಕೇಳಿ.

ಕೊನೆಗೆ ಪೆನ್ನನ್ನು ಹೂವಿಗೆ ತಾಗಿಸಿದಷ್ಟು ಹಗುರವಾಗಿ ತಾಗಿಸಲು ಹೇಳಿದೆ. ಅಷ್ಟಕ್ಕೇ ಗೆರೆ ಶುರುವಾಗಬೇಕು. ಒತ್ತಿದ ಮೇಲೆಯೇ ಶುರುವಾದರೆ ಕೂದಲೆಳೆ ಬರುವುದಿಲ್ಲ. ಮೇಲ್ಮೈ ತೀರಾ ನುಣುಪಾಗಿದ್ದರೂ ಕಷ್ಟ, ಹೊಸ ತಗಡಿನ ಮೇಲೆ ಬ್ರಷ್ ಜಾರಿದ ಹಾಗೆ. ಸ್ವಲ್ಪ ತರಿ ಇದ್ದರೆ ಕೈ ನಿಲ್ಲುತ್ತದೆ. ಆದರೆ ಆ ತರಿ ನಿಬ್ಬನ್ನು ಸವೆಸುತ್ತದೆ. ಬದಲಿ ನಿಬ್ ಸಿಗುತ್ತದೆಯೇ, ಪೆನ್ನು ಕಳೆದರೆ ಬೇರೆ ಪೆನ್ನು ಸಿಗುತ್ತದೆಯೇ, ಹಾಳಾದರೆ ಎಲ್ಲಿಗೆ ಕೊಂಡುಹೋಗಬೇಕು, ಇವನ್ನು ಕೇಳಿ ಚೀಟಿಯಲ್ಲಿ ಬರೆದುಕೊಂಡೆ.

ಅವಳಿಗೆ 16 ಇಂಚಿನದರ ಮೇಲೆ ಆಸೆಯಿತ್ತು. ಮನೆಯ ಮೇಜಿನ ಅಳತೆಯನ್ನು ನೂಲಿನಲ್ಲಿ ತೆಗೆದು ತಂದಿದ್ದೆ. ಲ್ಯಾಪ್‌ಟಾಪಿನ ಪಕ್ಕ ಅದು ಕೂರುತ್ತಿರಲಿಲ್ಲ, ಹಣವೂ ಸಾಲುತ್ತಿರಲಿಲ್ಲ. ಮುಖ ಸಣ್ಣ ಮಾಡಿಕೊಂಡರೂ 13 ಇಂಚಿನದಕ್ಕೆ ಒಪ್ಪಿದಳು. ಓರೆಯಾಗಿ ನಿಲ್ಲಿಸುವ ಸ್ಟ್ಯಾಂಡ್ ಬೇಕೇ ಬೇಕು ಎಂದು ನಾನು ಹಠ ಹಿಡಿದೆ. ಮೂವತ್ತು ವರ್ಷ ನೆಲಕ್ಕೆ ಬಗ್ಗಿ ಬರೆದವನ ಕುತ್ತಿಗೆ ಹೇಳಿದ ಮಾತು ಅದು.

ಮನೆಗೆ ತಂದ ಮೇಲೆ ಒಂದೇ ನಿಯಮ. ನಮ್ಮಲ್ಲಿ ಮಳೆಗಾಲದ ಹಿಂದೆ ಮುಂದೆ ಸಂಜೆಯ ಸಿಡಿಲು ಜೋರು. ದೂರದಲ್ಲಿ ಗುಡುಗಿದರೂ ವಯರೆಲ್ಲ ಕಿತ್ತು ಬದಿಗಿಡಬೇಕು. ಚಿತ್ರ ಅರ್ಧ ಆಗಿದ್ದರೂ ಸರಿ. ಅಂಥ ಸಂಜೆ ಅವಳು ಪೆನ್ಸಿಲ್ ಹಿಡಿದು ಚಾವಡಿಯಲ್ಲಿ ಕೂರುತ್ತಾಳೆ.

ಒಂದು ಭಾನುವಾರ ಪೆನ್ನನ್ನು ನನ್ನ ಕೈಗೆ ಕೊಟ್ಟಳು. ಈಗ ನನ್ನ ಕೈ ನಡುಗುತ್ತದೆ. ಠ ಬರೆದೆ, ಹಲಸಿನಕಾಯಿಯ ಸಿಪ್ಪೆಯ ಹಾಗೆ ಬಂತು. ಅವಳು ಕ್ರಿತಾದಲ್ಲಿ ಏನನ್ನೋ ಒತ್ತಿ, "ಈಗ ಬರೀರಿ ಅಜ್ಜ" ಎಂದಳು. ಸ್ಟೆಬಿಲೈಸರ್ ಅಂತೆ, ನಡುಕವನ್ನು ಸವರಿ ನುಣ್ಣಗೆ ಮಾಡುತ್ತದೆ. ನಲವತ್ತರ ಪ್ರಾಯದಲ್ಲಿ ಬರೆಯುತ್ತಿದ್ದುದಕ್ಕಿಂತಲೂ ಉರುಟಾದ ಠ ಬಂತು. ಸ್ವಲ್ಪ ಹೊತ್ತು ನೋಡಿದೆ.

"ತೆಗಿ ಮಗಾ. ಇದು ನನ್ನದಲ್ಲ."

"ಪೂರ್ತಿ ತೆಗೆದರೆ ನಿಮಗೆ ಸಿಟ್ಟು ಬರ್ತದೆ" ಎಂದು ಅವಳು ಅದನ್ನು ಅರ್ಧಕ್ಕೆ ಇಟ್ಟಳು. ಈಗಲೂ ಅರ್ಧದಲ್ಲೇ ಉಂಟು. ಅವಳಜ್ಜಿ ಆಗಾಗ ಬಂದು, ಮೂಲೆಗೆ ಬಿತ್ತೋ ಹೇಗೆ ಎಂದು ಇಣುಕಿ ಹೋಗುತ್ತಾಳೆ. ಈವರೆಗೆ ಮೂರು ನಿಬ್ ಸವೆದಿವೆ. ಅದರಲ್ಲಿ ಎರಡು ಅಜ್ಜನ ಲೆಕ್ಕಕ್ಕೆ ಎಂದು ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ.