ಜಾಲತಾಣದೊಳಗಿನ ಮರ

ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಬರುವ ಅಶ್ವತ್ಥಕ್ಕೆ ಬೇರು ಮೇಲೆ, ಕೊಂಬೆ ಕೆಳಗೆ. ಗಣಕಯಂತ್ರದ ಶಾಸ್ತ್ರದಲ್ಲಿ ‘ಮರ’ವೆಂದು ಕರೆಯುವ ರಚನೆಯೂ ಅಂತಹುದೇ. ಮೇಲೆ ಒಂದೇ ಬೇರು; ಅದರಿಂದ ಕೊಂಬೆಗಳು, ಅವುಗಳಿಂದ ರೆಂಬೆಗಳು, ತುದಿಯಲ್ಲಿ ಎಲೆಗಳು. ನಮ್ಮ ಕಡೆಯ ಅಳಿಯಸಂತಾನದ ವಂಶಾವಳಿಯಲ್ಲಿರುವಂತೆ ಇಲ್ಲಿ ಪ್ರತಿಯೊಂದಕ್ಕೂ ಒಬ್ಬಳೇ ತಾಯಿ. ಮಕ್ಕಳು ಎಷ್ಟಾದರೂ ಇರಬಹುದು. ಬೇರಿಗೆ ಮಾತ್ರ ತಾಯಿಯಿಲ್ಲ.

ಇಂತಹ ಮರವನ್ನು ಜಾಲತಾಣದಲ್ಲಿ ಹೇಗೆ ಕಾಪಾಡುವುದು? ನಮ್ಮ ಜಿಲ್ಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1997ರಲ್ಲಿ ಉಡುಪಿ ಜಿಲ್ಲೆಯು ದಕ್ಷಿಣ ಕನ್ನಡದಿಂದ ಬೇರ್ಪಟ್ಟಾಗ ಇದ್ದ ತಾಲೂಕುಗಳು ಮೂರು: ಉಡುಪಿ, ಕುಂದಾಪುರ, ಕಾರ್ಕಳ. 2018ರ ಹೊತ್ತಿಗೆ ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿಗಳು ಸೇರಿ ಏಳಾದುವು. ಉಡುಪಿ ತಾಲೂಕಿನಲ್ಲಿದ್ದ ಶಿರ್ವ, ಪಡುಬಿದ್ರಿಗಳು ಕಾಪುವಿಗೆ ಸೇರಿದುವು. ಕಾರ್ಕಳದಲ್ಲಿದ್ದ ಮುದ್ರಾಡಿಯು ಹೆಬ್ರಿಗೆ ಹೋಯಿತು. ಮರದ ಕೊಂಬೆಗಳೇ ಸ್ಥಳಾಂತರ ಹೊಂದಿದುವೆಂದಾಯಿತು.

ಮರವನ್ನು ಬರೆದಿಡುವ ಒಂದು ಕ್ರಮ ಟ್ಯಾಗ್, ಅಂದರೆ ಗುರುತುಪಟ್ಟಿ. 1998ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಅಂಗೀಕರಿಸಿದ ಎಕ್ಸ್‌ಎಂಎಲ್ ಎಂಬ ಪದ್ಧತಿಯಲ್ಲಿ ಈ ಗುರುತುಗಳ ಹೆಸರನ್ನು ಕನ್ನಡದಲ್ಲಿಯೇ ಬರೆಯಬಹುದು:

<ಜಿಲ್ಲೆ ಹೆಸರು="ಉಡುಪಿ">
<ತಾಲೂಕು ಹೆಸರು="ಕಾಪು">
<ಗ್ರಾಮ ಹೆಸರು="ಶಿರ್ವ"></ಗ್ರಾಮ>
</ತಾಲೂಕು>
</ಜಿಲ್ಲೆ>

ತೆರೆದ ಗುರುತನ್ನು ಓರೆಗೆರೆಯಿಟ್ಟು ಮುಚ್ಚಬೇಕು. ಒಳಗಿನದನ್ನು ಮುಚ್ಚಿದ ಬಳಿಕವೇ ಹೊರಗಿನದನ್ನು ಮುಚ್ಚಬೇಕು. ಡಬ್ಬಿಯೊಳಗೆ ಡಬ್ಬಿಯಿಟ್ಟ ಹಾಗೆ. ಯಾವುದು ಯಾವುದರ ಒಳಗಿದೆಯೆಂಬುದೇ ತಾಯಿ–ಮಗುವಿನ ಸಂಬಂಧವನ್ನು ತಿಳಿಸುತ್ತದೆ.

ಆದರೆ ಪುಟಗಳು ಸಾವಿರಾರು ಇರುವಲ್ಲಿ ಎಲ್ಲವನ್ನೂ ಹೀಗೆ ಒಂದೇ ಕಡತದಲ್ಲಿ ಹೆಣೆದಿಡುವುದು ಕಷ್ಟ. ಅಲ್ಲಿ ಪ್ರತಿ ಪುಟಕ್ಕೂ ಒಂದು ಸಂಖ್ಯೆ ಕೊಟ್ಟು, ಅದರ ಜತೆಗೆ ತಾಯಿಪುಟದ ಸಂಖ್ಯೆಯನ್ನು ಮಾತ್ರ ಬರೆದಿಡುತ್ತಾರೆ. ಪುಟದ ಅಚ್ಚಿನಲ್ಲಿ ‘ಇಲ್ಲಿ ದಾರಿಯನ್ನು ತೋರಿಸು’ ಎಂಬರ್ಥದ ಚಿಕ್ಕದೊಂದು ಟ್ಯಾಗ್ ಇರುತ್ತದೆ. ಅದನ್ನು ಕಂಡೊಡನೆ ಯಂತ್ರವು ಶಿರ್ವದ ತಾಯಿ ಯಾರೆಂದು ಕೇಳಿ ಕಾಪುವಿಗೂ, ಅಲ್ಲಿಂದ ಜಿಲ್ಲೆಗೂ ಏರಿ, ತಾಯಿಯಿಲ್ಲದ ಬೇರನ್ನು ಮುಟ್ಟಿದಾಗ ನಿಲ್ಲುತ್ತದೆ. ‘ಮಕ್ಕಳನ್ನು ಪಟ್ಟಿಮಾಡು’ ಎಂಬ ಟ್ಯಾಗ್ ಕಂಡರೆ ಕೆಳಮುಖವಾಗಿ ನಡೆದು, ಪ್ರತಿಯೊಂದು ಮಗುವಿನಲ್ಲಿಯೂ ಅದೇ ಕೆಲಸವನ್ನು ಮತ್ತೆ ಮಾಡುತ್ತದೆ.

ಇದರ ಪ್ರಯೋಜನವೇನು? ಶಿರ್ವದ ಶಾಲೆ, ಆಸ್ಪತ್ರೆ, ಅಂಚೆಕಚೇರಿ ಮೊದಲಾದ ಪ್ರತಿಯೊಂದು ಪುಟದಲ್ಲಿಯೂ ‘ಉಡುಪಿ ತಾಲೂಕು’ ಎಂದು ಕೈಯಿಂದ ಬರೆದಿದ್ದರೆ, ಅಷ್ಟನ್ನೂ ಒಂದೊಂದಾಗಿ ಹುಡುಕಿ ತಿದ್ದಬೇಕು. ಒಂದೆರಡು ಉಳಿದೇ ಹೋಗುವುದು ಖಂಡಿತ. ತಾಯಿಯ ಸಂಖ್ಯೆ ಮಾತ್ರವಿದ್ದರೆ ಶಿರ್ವದ ಒಂದು ಪುಟದಲ್ಲಿ ಆ ಸಂಖ್ಯೆಯನ್ನು ಬದಲಾಯಿಸಿದರೆ ಸಾಕು. ಅದರ ಕೆಳಗಿನದೆಲ್ಲವೂ ಹಿಂಬಾಲಿಸುತ್ತದೆ.

ಎಚ್ಚರಿಕೆಗಳೂ ಇವೆ. ಕಾಪುವಿಗೆ ಶಿರ್ವವನ್ನೇ ತಾಯಿಯೆಂದು ತಪ್ಪಿ ಬರೆದರೆ, ಯಂತ್ರವು ಗಾಣದೆತ್ತಿನಂತೆ ಸುತ್ತುತ್ತಲೇ ಇರುವುದು. ಮಕ್ಕಳ ವ್ಯವಸ್ಥೆ ಮಾಡದೆ ತಾಯಿಪುಟವನ್ನು ಅಳಿಸಿದರೆ ಮಕ್ಕಳು ಅನಾಥವಾಗುವುವು. ಮೂರನೆಯದಾಗಿ, ಒಂದು ವಸ್ತುವಿಗೆ ಎರಡು ಮನೆ ಇರುವುದುಂಟು. 1432ರಲ್ಲಿ ಸ್ಥಾಪಿತವಾದ ಕಾರ್ಕಳದ ಗೋಮಟೇಶ್ವರನು ಸ್ಥಳದಿಂದ ಕಾರ್ಕಳಕ್ಕೆ ಸೇರಿದವನು, ವಿಷಯದಿಂದ ಜೈನಶಿಲ್ಪಕ್ಕೆ. ಮಣಿಪಾಲದ ರಜತಾದ್ರಿಯು ಸ್ಥಳದಿಂದ ಮಣಿಪಾಲದ್ದು, ವಿಷಯದಿಂದ ಸರಕಾರಿ ಕಚೇರಿ. ಇಂತಹವನ್ನು ಮರದ ಒಂದೇ ಕೊಂಬೆಯಲ್ಲಿ ನಿಲ್ಲಿಸಿ, ಎರಡನೆಯ ಸಂಬಂಧವನ್ನು ಬೇರೊಂದು ವಿಷಯಸೂಚಕ ಗುರುತಿನಿಂದ ತಿಳಿಸುವುದು ಲೇಸು.

ಇದು ಕೇವಲ ಯಂತ್ರದ ಮಾತೆಂದು ಭಾವಿಸಬಾರದು. ಹಳೆಯ ಪುಟವನ್ನು ನಂಬಿ ಶಿರ್ವದ ವೃದ್ಧರೊಬ್ಬರು ಜಮೀನಿನ ಕಾಗದಕ್ಕಾಗಿ ಕಾಪುವಿನ ಬದಲು ಉಡುಪಿಗೆ ಬಸ್ಸು ಹತ್ತಿದರೆ, ಅವರ ಒಂದು ದಿನದ ಕೂಲಿಯೂ ಬಸ್ಸಿನ ಹಣವೂ ವ್ಯರ್ಥ. ಒಂದು ಸಂಗತಿಯನ್ನು ಒಂದೇ ಕಡೆ ಬರೆದಿಡು, ಉಳಿದೆಡೆಗೆ ಅದು ತಾನಾಗಿ ಹರಿಯಲಿ ಎಂಬುದೇ ಈ ವಿದ್ಯೆಯ ಸಾರ. ನಾಳೆ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಇಂತಹ ಪುಟಗಳನ್ನು ಬರೆಯಲಿರುವ ನಾವು ಅದನ್ನು ಈಗಲೇ ಕಲಿತಿರುವುದು ಒಳ್ಳೆಯದು.